ಗುಳ್ಳೆ ಮೇಷ್ಟ್ರ ಕಿವಿಯೊಳಗಿನ ಎಂಜಿನ್

ಮೈದಾನದ ಪಕ್ಕದ ತಗಡಿನ ಶೆಡ್ಡಿನಲ್ಲಿ ರಿಮೋಟಿನಿಂದ ಓಡಿಸುವ ಪುಟ್ಟ ರೇಸ್ ಕಾರುಗಳ ರಿಪೇರಿ ಮಾಡುತ್ತಿದ್ದವರನ್ನು ಎಲ್ಲರೂ ಗುಳ್ಳೆ ಮೇಷ್ಟ್ರು ಎನ್ನುತ್ತಿದ್ದರು. ಯಾರು ಯಾವ ಕಾರು ತಂದರೂ ಅವರು ಮೊದಲು ಎಂಜಿನ್ನಿಗೆ ಗಾಳಿ, ಇಂಧನ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಬಿಚ್ಚಿ, ಗಾಜಿನ ಲೋಟದ ನೀರಿಗೆ ಹಾಕಿ, ಕೊಳವೆಯಿಂದ ಊದಿ, ಎಲ್ಲಿ ಗುಳ್ಳೆ ಏಳುತ್ತದೆಂದು ನೋಡುತ್ತಿದ್ದರು. "ಚಕ್ರ ಮುರಿದ್ರೂ ಮೇಷ್ಟ್ರು ಮೊದಲು ಸ್ನಾನ ಮಾಡಿಸ್ತಾರೆ" ಎಂದು ಗಿರಾಕಿಗಳು ನಗುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು, ಆದರೆ ಲೋಟದ ಮೇಲಿನ ಕಣ್ಣು ಕದಲುತ್ತಿರಲಿಲ್ಲ.

ಮೊದಲು ಅವರಿಗೆ ಲೋಟ ಬೇಕಿರಲಿಲ್ಲ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಅವರೂ ಅವರ ಅಣ್ಣನೂ ಸ್ಕೂಟರ್ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡು ಕೆಲಸ ಕಲಿತವರು. ಆಮೇಲೆ ಅಣ್ಣನಿಗೆ ಈ ಪುಟ್ಟ ಕಾರುಗಳ ಹುಚ್ಚು ಹಿಡಿಯಿತು. ಮೊಳದುದ್ದದ ಕಾರು, ಮುಷ್ಟಿಯಷ್ಟು ಎಂಜಿನ್, ಕುಡಿಯಲು ನೈಟ್ರೋ ಬೆರೆಸಿದ ಇಂಧನ. ಓಡಿಸಿದರೆ ಕಣಜ ಕೆರಳಿದ ಸದ್ದು. ಓಡಿಸುವುದು ಅಣ್ಣನ ಪಾಲು, ರಿಪೇರಿ ತಮ್ಮನ ಪಾಲು.

ಕೊನೆಯ ಸಲ ಅಣ್ಣ ಅಂಗಡಿಗೆ ಬಂದಾಗ ಮುಖ ಊದಿಸಿಕೊಂಡಿದ್ದ.

"ಎಲ್ಲಿಂದಲೋ ಗಾಳಿ ಎಳೀತಿದೆ ಕಣೋ. ರಿಮೋಟಿಂದ ಬೆರಳು ಬಿಟ್ರೂ ಎಂಜಿನ್ ಇಳಿಯಲ್ಲ, ತಾನಾಗೇ ಕೂಗ್ತಾ ಇರುತ್ತೆ."

"ಇಟ್ಟು ಹೋಗು, ನೋಡ್ತೀನಿ."

"ಇವತ್ತಿನ ರೇಸ್ ಮುಗೀಲಿ ತಡಿ."

ರೇಸ್ ಮುಗಿಯಲಿಲ್ಲ. ರಿಮೋಟ್ ಹಿಡಿದೇ ಅಣ್ಣ ಎದೆ ಒತ್ತಿಕೊಂಡು ಕುಸಿದ. ಮೇಷ್ಟ್ರು ಓಡಿ ಹೋಗಿ ತಲೆಯನ್ನು ತೊಡೆಗೆ ಎತ್ತಿಕೊಳ್ಳುವಷ್ಟರಲ್ಲಿ ಉಸಿರು ನಿಂತಿತ್ತು. ಕಾರು ಬೇಲಿಗೆ ಗುದ್ದಿ ಮಗುಚಿಬಿದ್ದು, ಚಕ್ರಗಳನ್ನು ಆಕಾಶಕ್ಕೆತ್ತಿ ಕಿರುಚುತ್ತಲೇ ಇತ್ತು. ಅದನ್ನು ನಿಲ್ಲಿಸಲು ಯಾರಿಗೂ ಹೊಳೆಯಲಿಲ್ಲ. ಇಂಧನ ತೀರಿದ ಮೇಲೆ ತಾನಾಗಿ ನಿಂತಿತು. ಮೇಷ್ಟ್ರ ಕಿವಿಯಲ್ಲಿ ಮಾತ್ರ ನಿಲ್ಲಲಿಲ್ಲ.

ಮಧ್ಯಾಹ್ನ ಅರ್ಧ ಶಟರ್ ಎಳೆದು ಊಟದ ಡಬ್ಬಿ ಬಿಚ್ಚಿದರೆ ಸಾಕು, ಎಲ್ಲೋ ಎಂಜಿನ್ ಶುರುವಾಗುತ್ತಿತ್ತು. ಏರುತ್ತ ಏರುತ್ತ ಹೋಗಿ, ಇಳಿಯಲು ದಾರಿ ಕಾಣದೆ ಮೇಲೇ ತೂಗಾಡುವ ಸದ್ದು. ಎಂಜಲು ಕೈ ತೊಳೆದು ಅವರು ಶೆಲ್ಫಿನ ಒಂದೊಂದು ಕಾರನ್ನೂ ಮುಟ್ಟಿ ನೋಡುತ್ತಿದ್ದರು. ಎಲ್ಲವೂ ತಣ್ಣಗೆ. ಕಿವಿ ಡಾಕ್ಟರು ಬೆಳಕು ಬಿಟ್ಟು ನೋಡಿ, "ಎಂಜಿನ್ ಜೊತೆ ಬದುಕಿದೋರಿಗೆ ಇದು ಇದ್ದದ್ದೇ ಬಿಡಿ" ಎಂದರು. ಅಂದಿನಿಂದ ಮೇಷ್ಟ್ರು ಕಿವಿಯನ್ನು ನಂಬುವುದು ಬಿಟ್ಟು ಗುಳ್ಳೆಯನ್ನು ನಂಬಿದರು.

ಒಂದು ದಿನ ಅತ್ತಿಗೆ ಬಂದರು. ಕೈಚೀಲದಲ್ಲಿ ಅಣ್ಣನ ಕಾರಿತ್ತು. ಒಳಗೆ ಬಾರದೆ ಬಾಗಿಲಲ್ಲೇ ನಿಂತರು.

"ಇದು ಮನೇಲಿ ಬೇಡ ಕಣೋ."

"ಯಾಕೆ ಅತ್ತಿಗೆ?"

"ಸದ್ದು ಮಾಡುತ್ತೆ."

ಮೇಷ್ಟ್ರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

"ಟ್ಯಾಂಕಲ್ಲಿ ಒಂದು ಹನೀನೂ ಇಲ್ಲ, ನಾನೇ ನೋಡಿದ್ದೀನಿ. ಇವಳಿಗೆ ತಲೆ ಕೆಟ್ಟಿದೆ ಅನ್ಕೋ ಬೇಕಾದ್ರೆ."

"ಹೇಗಿರುತ್ತೆ ಸದ್ದು?"

ಅತ್ತಿಗೆ ತುಟಿ ಮುಚ್ಚಿ, ಗಂಟಲಲ್ಲೇ ಆ ಸದ್ದು ತೆಗೆದರು. ಏರಿತು. ಇಳಿಯಲಿಲ್ಲ. ಮೇಷ್ಟ್ರ ಕಿವಿಯೊಳಗಿನ ಸದ್ದೇ ಅದು. ಅವರು ಸ್ಟೂಲನ್ನು ಅತ್ತಿಗೆಯ ಕಡೆ ಸರಿಸಿ, ಕಾರನ್ನು ಮೇಜಿನ ಮೇಲಿಟ್ಟು ಬಿಚ್ಚತೊಡಗಿದರು.

ಕಾರ್ಬ್ಯುರೇಟರ್ ಒಂದನ್ನೇ ಮುಳುಗಿಸಿ ಊದಿದಾಗ ಗುಳ್ಳೆ ಬರಲಿಲ್ಲ. ಇಂಧನ ಅಳೆದು ಬಿಡುವ ಸೂಜಿಗಳ ಬುಡ ಸರಿಯಾಗಿತ್ತು, ಕೊಳವೆ ಸೇರುವ ಜಾಗವೂ ಸರಿಯಾಗಿತ್ತು. ಅದನ್ನು ಮತ್ತೆ ಎಂಜಿನ್ನಿಗೆ ಕೂರಿಸಿ, ಬೇರೆ ಬಾಯಿಗಳನ್ನೆಲ್ಲ ರಬ್ಬರಿನಿಂದ ಬಿಗಿದು, ಬಕೆಟ್ಟಿನಲ್ಲಿ ಮುಳುಗಿಸಿ ಊದಿದರು. ಕಾರ್ಬ್ಯುರೇಟರಿನ ಕತ್ತು ಎಂಜಿನ್ನಿನೊಳಗೆ ಇಳಿಯುವ ಜಾಗದಿಂದ ಸಣ್ಣ ಗುಳ್ಳೆಗಳು ದಾರ ಬಿಟ್ಟಂತೆ ಎದ್ದವು.

"ಏನದು?" ಅತ್ತಿಗೆ ಬಗ್ಗಿದರು.

"ಉಸಿರು" ಎಂದುಬಿಟ್ಟರು ಮೇಷ್ಟ್ರು. ಕೂಡಲೇ ತಿದ್ದಿಕೊಂಡರು. "ಗಾಳಿ ಅತ್ತಿಗೆ. ಕಳ್ಳದಾರಿಯಲ್ಲಿ ಗಾಳಿ ಹೊಕ್ಕರೆ ಇಂಧನ ಸಾಲಲ್ಲ. ಆಗ ಎಂಜಿನ್ ಯಾರ ಮಾತೂ ಕೇಳಲ್ಲ."

ಕತ್ತಿನ ರಬ್ಬರ್ ಉಂಗುರ ಒಣಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಎಲ್ಲವನ್ನೂ ಒರೆಸಿ ಒಣಗಿಸಿ, ಹೊಸ ಉಂಗುರ ತೊಡಿಸಿ, ಸುತ್ತ ತೆಳ್ಳಗೆ ಸಿಲಿಕೋನ್ ಅಂಟು ಸವರಿದರು. ಕಾರ್ಬ್ಯುರೇಟರನ್ನು ಹೆಬ್ಬೆರಳಿನಿಂದ ಕೆಳಗೊತ್ತಿ ಹಿಡಿದೇ ಬೋಲ್ಟು ಬಿಗಿದರು. ಅಂಟು ಒಣಗಲಿ ಎಂದು ಆ ದಿನ ಬಿಟ್ಟರು. ಮರುದಿನ ಅತ್ತಿಗೆ ಬಂದ ಮೇಲೆ ಮುಳುಗಿಸಿದಾಗ ನೀರು ಮಿಸುಕಲಿಲ್ಲ.

ಮತ್ತೆ ಒಣಗಿಸಿ, ಎಣ್ಣೆ ಬಿಟ್ಟು, ಇಂಧನ ತುಂಬಿ ಸ್ಟಾರ್ಟ್ ಮಾಡಿದರು. ಎಂಜಿನ್ ಒಂದೇ ಸಮನೆ ಗೊಣಗಿತು. ಏರಿಸಿದಾಗ ಏರಿತು. ಬೆರಳು ಬಿಟ್ಟ ಕೂಡಲೇ ಇಳಿಯಿತು.

"ಇಳೀತು" ಎಂದರು ಅತ್ತಿಗೆ. "ಇಳೀತು ನೋಡು." ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬೇಡವೆಂದು ತಂದ ಕಾರನ್ನು ಮಗುವಿನಂತೆ ಎತ್ತಿಕೊಂಡು ಹೋದರು.

ಕೆಲವು ದಿನ ಬಿಟ್ಟು ಮತ್ತೆ ಬಂದಾಗ ಮುಖ ಗೆಲುವಾಗಿತ್ತು.

"ಮನೆ ಸುಮ್ಮನಾಗಿದೆ ಕಣೋ. ಕಣ್ತುಂಬ ನಿದ್ದೆ ಬರ್ತಿದೆ. ನಿನಗೆ?"

"ನನಗೇನು ಅತ್ತಿಗೆ?"

"ನಾನು ಆ ಸದ್ದು ಮಾಡಿ ತೋರಿಸ್ದಾಗ ನಿನ್ನ ಮುಖ ನೋಡ್ಲಿಲ್ವಾ ನಾನು?"

ಮೇಷ್ಟ್ರು ಚಿಂದಿಬಟ್ಟೆಯಲ್ಲಿ ಬೆರಳು ಒರೆಸಿಕೊಂಡರು. "ನಿಂತಿದೆ" ಎಂದರು. ಬೆಳಿಗ್ಗೆಯಿಂದ ಅದು ಕಿವಿಯಲ್ಲಿ ಕೂಗುತ್ತಲೇ ಇತ್ತು.

"ಹಾಗಾದ್ರೆ ನನಗೆ ಓಡಿಸೋದು ಕಲಿಸು."

ಇಬ್ಬರೂ ಮೈದಾನಕ್ಕೆ ಹೋದರು. ಅತ್ತಿಗೆ ಮೊದಲು ಬೇಲಿಗೆ ಗುದ್ದಿದರು, ಆಮೇಲೆ ಮೇಷ್ಟ್ರ ಕಾಲಿಗೇ ಗುದ್ದಿದರು. ಕೊನೆಗೆ ಕಾರು ಹದಕ್ಕೆ ಬಂದು ಸುತ್ತತೊಡಗಿತು.

"ಎಷ್ಟು ಚೆನ್ನಾಗಿ ಮಾತು ಕೇಳುತ್ತೆ ನೋಡು!"

ಮೇಷ್ಟ್ರು ಕೇಳುತ್ತಿದ್ದರು. ಕಾರು ದೂರದ ತಿರುವಿಗೆ ಹೋದಾಗ ಅದರ ಹಿಂದೆಯೇ ಇನ್ನೊಂದು ಎಂಜಿನ್ ಬರುತ್ತಿತ್ತು. ಏರುತ್ತಿತ್ತು, ಇಳಿಯುತ್ತಿರಲಿಲ್ಲ.

"ತಿರುವಲ್ಲಿ ಸ್ವಲ್ಪ ನಿಧಾನ ಮಾಡಿ ಅತ್ತಿಗೆ."

"ಯಾಕೋ?"

"ಹಿಂದೆ ಬರೋರಿಗೆ ದಾರಿ ಬಿಡಬೇಕಲ್ಲ."

ಅತ್ತಿಗೆ ಖಾಲಿ ಮೈದಾನವನ್ನು ಒಮ್ಮೆ ನೋಡಿದರು. ಆಮೇಲೆ ಕಾರನ್ನು ಅಂಚಿಗೆ ಸರಿಸಿ ಬೆರಳು ಸಡಿಲಿಸಿದರು.