ಬಾಗಿಲಾಚೆಯ ಚಪ್ಪಲಿಗಳು

ಟೀವಿಯಲ್ಲಿ ಗೂಢಚಾರಿ ಸಿನಿಮಾ ಬಂದರೆ ಮೊಮ್ಮಕ್ಕಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಖಳನಾಯಕನಿಗೆ ನಾನು ಬೈಯುವುದನ್ನು ಕೇಳಲು ಅವಕ್ಕೆ ಖುಷಿ. ಕೆನ್ನೆಯ ಮೇಲೆ ಗಾಯದ ಗೆರೆ, ಬೆರಳಿಗೊಂದು ಉಂಗುರ, ಮಾತಿಗೊಮ್ಮೆ ಅಟ್ಟಹಾಸ. ಊರಿಗೆಲ್ಲ ಗುರುತು ಸಿಗುವ ಮುಖ ಇಟ್ಟುಕೊಂಡು ಇವನು ಯಾರ ಗುಟ್ಟು ಕದಿಯುತ್ತಾನೆ ಎಂದು ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಸಿನಿಮಾ ಮುಗಿದ ಮೇಲೆ ಅವನ ಮುಖ ನೆನಪಿರುವುದೂ ಇಲ್ಲ. ಮರೆಯಲಾಗದ ಖಳನನ್ನು ನಾನು ಕಂಡಿದ್ದೇನೆ. ಅವರು ಬಿಳಿ ಪಂಚೆ ಉಡುತ್ತಿದ್ದರು, ಮೆತ್ತಗೆ ಮಾತಾಡುತ್ತಿದ್ದರು, ನಮ್ಮ ಪಕ್ಕದ ಮನೆಯಲ್ಲೇ ಇದ್ದರು.

ಐವತ್ತರ ದಶಕದ ಮಾತು. ಮದುವೆಯಾಗಿ ರಾಜಾಜಿನಗರದ ವಠಾರವೊಂದಕ್ಕೆ ಬಂದ ಹೊಸತು. ಬಡಾವಣೆ ಅಂದರೆ ಕೆಮ್ಮಣ್ಣು, ಅರ್ಧಕ್ಕೆ ನಿಂತ ಗೋಡೆಗಳು, ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು. ನಮ್ಮ ಯಜಮಾನರು ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಯಾವತ್ತು ಬೇಕಾದರೂ ಗೇಟಿನಿಂದಲೇ ವಾಪಸು ಕಳಿಸಬಹುದಿತ್ತು. ಯಂತ್ರಕ್ಕೆ ಬೆರಳು ಕೊಟ್ಟವನೊಬ್ಬನನ್ನು ಹಾಗೇ ಕಳಿಸಿದ ಮೇಲೆ ಇವರು ಕೆಲವರು ಸೇರಿ ಸಂಘ ಕಟ್ಟಲು ಹೊರಟರು. ಮಾಲೀಕರಿಗೆ ಗೊತ್ತಾದರೆ ಅನ್ನಕ್ಕೇ ಸಂಚಕಾರ. ಅದಕ್ಕೆ ಭಾನುವಾರ ಮಧ್ಯಾಹ್ನ, ವಠಾರವೆಲ್ಲ ಉಂಡು ಮಲಗಿದ ಹೊತ್ತಿಗೆ, ಒಬ್ಬೊಬ್ಬರಾಗಿ ನಮ್ಮ ಮನೆಗೆ ಬರುತ್ತಿದ್ದರು. ಬಾಗಿಲು ಕಿಟಕಿ ಭದ್ರ ಮಾಡಿ ನಾನು ತಾಳ ಹಿಡಿದು ದೇವರನಾಮ ಹಾಡುತ್ತಿದ್ದೆ. ಅದರ ಮರೆಯಲ್ಲಿ ಅವರ ಮಾತುಕತೆ. ಎಷ್ಟು ಜಾಣರು ನಾವು ಅಂದುಕೊಂಡಿದ್ದೆವು.

ಪಕ್ಕದ ಮನೆಯವರು ನಿವೃತ್ತ ಮೇಷ್ಟ್ರು. ಸುತ್ತಲಿನ ಕಾರ್ಮಿಕರ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ಆ ಮಕ್ಕಳ ಅಪ್ಪಂದಿರೆಲ್ಲ ಒಂದಲ್ಲ ಒಂದು ದಿನ ಅವರ ಬಾಗಿಲಲ್ಲಿ ಚಪ್ಪಲಿ ಬಿಟ್ಟವರೇ. ಭಾನುವಾರ ಮಧ್ಯಾಹ್ನದ ನಿದ್ದೆ ಮುಗಿಸಿ ಹೊರಗೆ ಬಂದವರು ನಮ್ಮ ಬಾಗಿಲ ಮುಂದೆ ಅಡ್ಡಾದಿಡ್ಡಿ ಬಿದ್ದಿರುತ್ತಿದ್ದ ಚಪ್ಪಲಿಗಳನ್ನು ಬಗ್ಗಿ ಜೋಡಿಸುತ್ತಿದ್ದರು. ಹೋಗುವವರು ಸಲೀಸಾಗಿ ಕಾಲು ತೂರಿಸಲಿ ಎಂದು ತುದಿಯನ್ನು ಬೀದಿಯ ಕಡೆ ತಿರುಗಿಸಿಟ್ಟು, ಆಮೇಲೆ ದೇವಸ್ಥಾನಕ್ಕೆ ಹೊರಡುತ್ತಿದ್ದರು. ನೀರಿಗೆಂದು ಹೊರಬಂದ ನಾನು ಒಮ್ಮೆ ಅದನ್ನು ಕಂಡು ನಾಚಿ ಬೇಡವೆಂದೆ. ಕೆಲಸದಲ್ಲಿ ಮೇಲು ಕೀಳು ಉಂಟೇನಮ್ಮ ಎಂದು ನಕ್ಕರು. ಅಷ್ಟು ಹಿರಿಯರು ಇನ್ನೊಬ್ಬರ ಚಪ್ಪಲಿ ಮುಟ್ಟುತ್ತಾರಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಒಮ್ಮೆ ಅವರೇ ವಠಾರದವರನ್ನೆಲ್ಲ ಮಾಗಡಿ ರಸ್ತೆಯ ಟೆಂಟ್ ಸಿನಿಮಾಕ್ಕೆ ಕರೆದುಕೊಂಡು ಹೋದರು. ಶತ್ರುದೇಶದ ಗೂಢಚಾರಿಯ ಕಥೆ. ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಖಳ ಗಹಗಹಿಸಿದಾಗ ನೆಲದಲ್ಲಿ ಕೂತವರು ಶಾಪ ಹಾಕಿದರು, ಪರದೆಗೆ ಮಣ್ಣು ತೂರಿದರು. ನಾನೂ ಲಟಿಗೆ ಮುರಿದೆ. ಮೇಷ್ಟ್ರು ಮಾತ್ರ ಬೆಂಚಿನ ಮೇಲೆ ಗೋಣು ವಾಲಿಸಿ ಸೊಗಸಾಗಿ ನಿದ್ದೆ ಮಾಡಿದರು.

ನಮ್ಮ ಮನೆಗೆ ಬರುತ್ತಿದ್ದವರಲ್ಲಿ ಒಬ್ಬ ಕೆಂಗೇರಿ ಕಡೆಯ ಒಕ್ಕಲು ಮನೆಯವನು. ಅವನ ಮಗನಿಗೆ ಹುಟ್ಟಿನಿಂದ ಕಾಲು ಸ್ವಾಧೀನವಿರಲಿಲ್ಲ. ಮಗು ನಡೆಯುವವರೆಗೂ ಚಪ್ಪಲಿ ಮೆಟ್ಟುವುದಿಲ್ಲ ಎಂದು ಮಾದಪ್ಪನಿಗೆ ಹರಕೆ ಹೊತ್ತು ಬರಿಗಾಲಲ್ಲೇ ತಿರುಗುತ್ತಿದ್ದ. ನನ್ನನ್ನು ಅಕ್ಕ ಅನ್ನುತ್ತಿದ್ದ. ಅವರೆಯ ಕಾಲದಲ್ಲಿ ಕಾಯಿ ತಂದು ಅಡುಗೆಮನೆ ಬಾಗಿಲಲ್ಲಿ ಸುರಿದು ಹೋಗುತ್ತಿದ್ದ.

ಒಂದು ದಿನ ಮ್ಯಾನೇಜರು ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೆಸರು ಹಿಡಿದು ಹೇಳಿದರಂತೆ. ಒಂದೇ ಭಾನುವಾರ ಬಂದು ಹೆದರಿ ಬಿಟ್ಟವನ ಹೆಸರೂ ಇತ್ತು. ಬರಿಗಾಲಿನವನ ಹೆಸರು ಮಾತ್ರ ಇರಲಿಲ್ಲ. ಎಲ್ಲರ ಕೆಲಸ ಹೋಯಿತು, ಅವನದು ಉಳಿಯಿತು. ಉಂಡ ಮನೆಗೆ ಎರಡು ಬಗೆದವನು ಯಾರೆಂದು ಇವರು ಅಲ್ಲೇ ತೀರ್ಮಾನ ಮಾಡಿದರು. ಗೇಟಿನ ಹೊರಗೆ ಅವನಿಗೆ ಎಲ್ಲರೂ ಹೊಡೆದರು. ಮೊದಲು ಕೈ ಎತ್ತಿದವರು ನಮ್ಮ ಯಜಮಾನರು. ಅವನು ತಿರುಗಿ ಹೊಡೆಯಲಿಲ್ಲವಂತೆ.

“ನನ್ ಮಗೀನಾಣೆ ಕಣಣ್ಣ, ನಾನಲ್ಲ,” ಎಂದಷ್ಟೇ ಹೇಳಿದನಂತೆ.

ಕಾಲೂರದ ಮಗುವಿನ ಮೇಲಿಟ್ಟ ಆಣೆಯನ್ನೂ ಯಾರೂ ನಂಬಲಿಲ್ಲ. ಮಾರನೆಯ ದಿನದಿಂದ ಅವನೂ ಕೆಲಸಕ್ಕೆ ಹೋಗಲಿಲ್ಲ.

ಸ್ವಲ್ಪ ಕಾಲಕ್ಕೆ ಮೇಷ್ಟ್ರ ಮಗನಿಗೆ ಅದೇ ಕಾರ್ಖಾನೆಯಲ್ಲಿ ಗುಮಾಸ್ತನ ಕೆಲಸವಾಯಿತು. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ನಮ್ಮ ಒಲೆ ದಿನಕ್ಕೊಂದು ಹೊತ್ತು ಉರಿಯುತ್ತಿದ್ದ ಕಾಲ, ಆದರೂ ಕರೆದ ಮೇಲೆ ಹೋಗದಿರಲಾಗುತ್ತದೆಯೇ ಎಂದು ಹೋದೆ. ಪ್ರಸಾದ ಹಿಡಿದು ಹೊರಬಂದರೆ ಮೇಷ್ಟ್ರು ಬಾಗಿಲಲ್ಲಿ ಬಗ್ಗಿ ಚಪ್ಪಲಿ ಜೋಡಿಸುತ್ತಿದ್ದರು. ಪಾಠಕ್ಕೆ ಬರುವ ಹುಡುಗಿಯೊಬ್ಬಳಿಗೆ ಹೆಮ್ಮೆಯಿಂದ ತೋರಿಸುತ್ತಿದ್ದರು: ಹಿಮ್ಮಡಿ ಒಂದು ಕಡೆ ಸವೆದದ್ದು ದರ್ಜಿಯದು, ದಾರದಲ್ಲಿ ಹೊಲಿದದ್ದು ಹಾಲಿನವನದು, ಮುಖ ನೋಡಬೇಕಾಗಿಯೇ ಇಲ್ಲ.

ನಮ್ಮ ಬಾಗಿಲ ಮುಂದಿನ ಭಾನುವಾರದ ಚಪ್ಪಲಿಗಳು ನೆನಪಾದವು. ಆ ಹುಡುಗಿ ಒಳಗೆ ಹೋಗುವವರೆಗೆ ಕಾದು ಕೇಳಿದೆ.

“ಮೇಷ್ಟ್ರೇ, ಕೆಂಗೇರಿಯವನ ಹೆಸರು ಯಾಕೆ ಹೇಳ್ಲಿಲ್ಲ ನೀವು?”

ಅವರು ಬೆಚ್ಚಲಿಲ್ಲ. ತಲೆ ಎತ್ತಿ, ಹುಬ್ಬು ಗಂಟಿಕ್ಕಿ ಯೋಚಿಸಿದರು.

“ಅವನೂ ಬರ್ತಿದ್ನಾ? ಚಪ್ಪಲಿ ಕಾಣ್ಲಿಲ್ವಲ್ಲಮ್ಮ.”

ಆಮೇಲೆ, ಊಟ ಮಾಡಿಕೊಂಡು ಹೋಗು, ಪಾಯಸ ಚೆನ್ನಾಗಿ ಬಂದಿದೆ ಅಂದರು. ಆ ಮುಖದಲ್ಲಿ ಅಳುಕಿರಲಿಲ್ಲ, ದ್ವೇಷವೂ ಇರಲಿಲ್ಲ. ಪಾಠದಲ್ಲಿ ಒಂದು ಪ್ರಶ್ನೆ ಬಿಟ್ಟುಹೋಯಿತಲ್ಲ ಎನ್ನುವ ಬೇಸರ ಮಾತ್ರ ಇತ್ತು. ಯಾವ ಸಿನಿಮಾದವರೂ ಇದನ್ನು ತೋರಿಸಲಾರರು. ನನಗೆ ಅವತ್ತು ಅವರನ್ನು ಕೊಲ್ಲಬೇಕೆನಿಸಿತು. ಪ್ರಸಾದವನ್ನು ಅವರ ಕಾಲ ಬಳಿಯೇ ಚೆಲ್ಲಿ ಬಂದೆ.

ಯಜಮಾನರಿಗೆ ಹೇಳಿದೆ. ಅವರು ಗೋಡೆಗೆ ಒರಗಿ ಕೂತರು, ಅನ್ನ ಮುಟ್ಟಲಿಲ್ಲ. ಬೆಳಗಾಗುತ್ತಲೇ ಇಬ್ಬರೂ ಕೆಂಗೇರಿಗೆ ಹೋದೆವು.

ಅವನು ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದ. ನಮ್ಮನ್ನು ಕಂಡು ಒಳಗೆ ಕರೆದು ಚಾಪೆ ಹಾಸಿದ. ಹೆಂಡತಿ ಮಜ್ಜಿಗೆ ಕೊಟ್ಟಳು. ಯಜಮಾನರು ಅವನ ಎರಡೂ ಕೈ ಹಿಡಿದು ಅತ್ತರು. ನಡೆದದ್ದನ್ನೆಲ್ಲ ಕೇಳಿ ಅವನು, ಬಿಡಣ್ಣ, ಅಂದ. ನನ್ನನ್ನು ಅಕ್ಕ ಎಂದು ಕರೆಯಲಿಲ್ಲ. ಮಗು ನೆಲದ ಮೇಲೆ ತೆವಳಿಕೊಂಡು ಬಂದು ನನ್ನ ಸೆರಗು ಹಿಡಿಯಿತು.

ಹೊರಟಾಗ ಹೊಸ್ತಿಲಾಚೆ ನಮ್ಮ ಚಪ್ಪಲಿ ಮಾತ್ರ ಇದ್ದವು. ಯಜಮಾನರಿಗೆ ಅವನ್ನು ಮೆಟ್ಟಲಾಗಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಬಸ್ಸಿನವರೆಗೂ ನಡೆದರು.