ಸಾರಿನ ಪಿಎಚ್

ನನ್ನ ಮುಖ ಒಂದು ತಟಸ್ಥ ದ್ರಾವಣ. ಕೆಂಪು ಲಿಟ್ಮಸ್ ಅದ್ದಿದರೂ ಬಣ್ಣ ಬದಲಾಗದು, ನೀಲಿ ಅದ್ದಿದರೂ ಬದಲಾಗದು. ನಾನಾಗಿ ಕಂಡುಕೊಂಡದ್ದಲ್ಲ ಇದು, ನನ್ನ ಹೆಂಡತಿ ಪಾರ್ವತಿ ಪರೀಕ್ಷಿಸಿ ಹೇಳಿದ್ದು. ಕೊಪ್ಪದ ಹೈಸ್ಕೂಲಿನಲ್ಲಿ ನಿವೃತ್ತನಾಗುವವರೆಗೆ ಆಮ್ಲ, ಪ್ರತ್ಯಾಮ್ಲಗಳ ಪಾಠ ಮಾಡಿದವನಿಗೆ ಇಂಥ ಫಲಿತಾಂಶ ಬರಬಾರದಿತ್ತು.

ಕಾರಣ ಶಿಸ್ತು. ಚಿಕ್ಕಂದಿನಲ್ಲಿ ಶೃಂಗೇರಿಯಲ್ಲಿ ಬಂಧುಗಳ ಮನೆಯಲ್ಲಿದ್ದು ಓದಿದೆ. ಬೆಳಕು ಹರಿಯುವ ಮೊದಲು ಏಳು, ತುಂಗೆಯಲ್ಲಿ ಮುಳುಗು, ಪಾಠ ಒಪ್ಪಿಸು, ಎಲೆಯ ಮುಂದೆ ಕೂರು. ಎಲೆಗೆ ಬಿದ್ದದ್ದನ್ನು ತಿಂದು ಏಳಬೇಕು. ಉಪ್ಪು, ಹುಳಿ, ಖಾರ ಎಂದು ಬಾಯಿ ಬಿಡುವಂತಿಲ್ಲ. ಮುಖ ಸಿಂಡರಿಸಿದವನಿಗೆ ಅದನ್ನೇ ಇನ್ನೊಂದು ಸೌಟು ಬಡಿಸುತ್ತಿದ್ದರು. ಆ ಪಾಠ ಗಟ್ಟಿಯಾಗಿ ಕೂತಿತು. ಮದುವೆಯಾದ ಹೊಸತರಲ್ಲಿ ಪಾರ್ವತಿ "ಸಾರು ಹೆಂಗಿದೆ?" ಎಂದು ಕೇಳುತ್ತಿದ್ದಳು. "ಇದೆ" ಎನ್ನುತ್ತಿದ್ದೆ. ಕ್ರಮೇಣ ಕೇಳುವುದನ್ನೇ ಬಿಟ್ಟಳು.

ಕೇಳುವ ಅಗತ್ಯವೂ ಅವಳಿಗಿರಲಿಲ್ಲ. ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನಾಲಿಗೆಗೆ ಮುಟ್ಟಿಸಿದರೆ ಲೆಕ್ಕ ಮುಗಿಯಿತು. ಮಿಡಿ ಉಪ್ಪಿನಕಾಯಿಯ ಕಾಲದಲ್ಲಿ ನಮ್ಮ ಬೀದಿಯ ಮನೆಗಳಿಂದ ಬಟ್ಟಲುಗಳಲ್ಲಿ ರಸ ಅವಳ ತೀರ್ಪಿಗೆ ಬರುತ್ತಿತ್ತು. "ಉಪ್ಪು ಸಾಕು, ಹುಳಿ ಇನ್ನೂ ಬಿಡ್ಬೇಕು, ಎಂಟು ದಿನ ಭರಣಿ ಮುಚ್ಚಿಡಿ" ಎಂದರೆ ಅದೇ ಕೊನೆ. ನಾನು ಪ್ರಯೋಗಾಲಯದಲ್ಲಿ ಇಷ್ಟುದ್ದ ಕಾಗದ ಅದ್ದಿ, ಬಣ್ಣದ ಪಟ್ಟಿಯ ಪಕ್ಕ ಹಿಡಿದು, ಕನ್ನಡಕ ಏರಿಸಿ ಹೇಳುವ ಉತ್ತರವನ್ನು ಅವಳ ನಾಲಿಗೆ ಅರೆಗಳಿಗೆಯಲ್ಲಿ ಹೇಳುತ್ತಿತ್ತು.

ಚಿಕೂನ್‌ಗುನ್ಯ ಮನೆಮನೆಗೂ ನುಗ್ಗಿದ ವರ್ಷ ನಮ್ಮನ್ನೂ ಬಿಡಲಿಲ್ಲ. ನನಗೆ ಮಂಡಿ ಹಿಡಿಯಿತು. ಪಾರ್ವತಿಗೆ ಜ್ವರ ಇಳಿದರೂ ಬಾಯಿರುಚಿ ಮರಳಲಿಲ್ಲ. ಹುಳಿಯಿಲ್ಲ, ಸಿಹಿಯಿಲ್ಲ, ಎಲ್ಲವೂ ಒದ್ದೆ ಮಣ್ಣು. ಡಾಕ್ಟರು "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು. ಅವರದೂ ತಟಸ್ಥ ದ್ರಾವಣವೇ.

ಪಿಎಚ್ ಏಣಿಯ ಒಂದು ಗುಟ್ಟನ್ನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ. ಏಳರಿಂದ ಆರಕ್ಕೆ ಇಳಿದರೆ ಒಂದು ಮೆಟ್ಟಿಲು ಇಳಿದಂತೆ ಕಾಣುತ್ತದೆ, ಆದರೆ ಆಮ್ಲ ಹತ್ತು ಪಟ್ಟಾಗಿರುತ್ತದೆ. ಐದಕ್ಕೆ ಇಳಿದರೆ ನೂರು ಪಟ್ಟು. ಪಾರ್ವತಿ ಇಳಿದದ್ದೂ ಹಾಗೆಯೇ. ಮೊದಲು ಊಟ ಕಡಿಮೆಯಾಯಿತು. ಒಂದು ಮೆಟ್ಟಿಲು ಎಂದುಕೊಂಡೆ. ಆಮೇಲೆ ಬಟ್ಟಲು ಹಿಡಿದು ಬಂದವರನ್ನು ಬಾಗಿಲಿನಿಂದಲೇ ಕಳಿಸಿದಳು. ಒಂದು ಬೆಳಿಗ್ಗೆ ಒಲೆಯ ಮುಂದೆ ಸುಮ್ಮನೆ ಕೂತು ಹೇಳಿದಳು: "ನನ್ನಿಂದ ಆಗಲ್ಲ. ಕಣ್ಣು ಕಟ್ಕೊಂಡು ರಂಗೋಲಿ ಹಾಕ್ದಂಗೆ ಆಗ್ತದೆ. ಅಡುಗೆಗೆ ಯಾರನ್ನಾದ್ರೂ ಗೊತ್ತು ಮಾಡಿ." ಅಡುಗೆಮನೆ ಬಿಟ್ಟರೆ ಅವಳು ಮತ್ತೆ ಏಳಲಾರಳು ಎಂದು ನನಗೆ ಅನಿಸಿತು. ಹೇಳಲು ಬರಲಿಲ್ಲ. ಬರುವುದು ಕೆಮಿಸ್ಟ್ರಿ. ಶಿವಮೊಗ್ಗದಿಂದ ಪಿಎಚ್ ಕಾಗದ ತರಿಸಿ, ನಾಲಿಗೆಯ ಕೆಲಸ ಇದು ಮಾಡುತ್ತದೆ, ನೀನು ಸಾರು ಮಾಡು ಎಂದೆ.

ಪ್ರಯೋಗದ ದಿನ ಶೆಟ್ಟಿಕೊಪ್ಪದಿಂದ ಅವಳ ತಮ್ಮ ಮೋಹನ ಬಂದಿದ್ದ. ಅಡಿಕೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಔಷಧಿ ಹದವಾಗಿದೆಯೇ ಎಂದು ಕತ್ತಿಯ ತುದಿ ಅದ್ದಿ ನೋಡುವವನು. ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ನನ್ನ ಕೈಯ ಕಾಗದ ನೋಡಿ, "ಎಂತ ಭಾವ, ಸಾರನ್ನ ಉಣ್ಣೋದಾ, ಮರಕ್ಕೆ ಹೊಡೆಯೋದಾ?" ಎಂದ.

ನಾನು ಲಕ್ಷ್ಯ ಕೊಡಲಿಲ್ಲ. ತೊಗರಿಬೇಳೆ ಸಾರಿಗೆ ಕಾಗದ ಅದ್ದಿದೆ. ಹಳದಿ. ಹುಳಿಯಿದ್ದರೆ ಕೆಂಪಿಗೆ ತಿರುಗಬೇಕು; ಪಟ್ಟಿಯ ಪ್ರಕಾರ ಇದರಲ್ಲಿ ಹುಳಿ ಇಲ್ಲದಷ್ಟೇ. "ಹುಣಸೆರಸ ಹಾಕು" ಎಂದೆ. ಹಾಕಿದಳು. ಹಳದಿ. "ಇನ್ನೂ ಹಾಕು." ಆಗಲೂ ಹಳದಿ. "ಹಾಕು" ಎಂದೆ. ಮೇಷ್ಟರ ಮಾತೆಂದು ಅವಳೂ ನಂಬಿ ಹಾಕಿದಳು.

ಮೊದಲ ತುತ್ತಿಗೆ ಮೋಹನನ ಒಂದು ಕಣ್ಣು ಮುಚ್ಚಿತು. ಹೆಗಲು ಕಿವಿಗೆ ತಾಗಿತು.

"ಹುಳಿ ಜಾಸ್ತಿ ಆಯ್ತಾ?" ಎಂದಳು ಪಾರ್ವತಿ.

"ಇಲ್ಲಕ್ಕ, ಪಸ್ಟಾಗಿದೆ" ಎಂದ, ಕಣ್ಣಲ್ಲಿ ನೀರು.

"ಸುಳ್ಳು ಹೇಳ್ಬೇಡ ಮಾರಾಯ. ನಿನ್ನ ಮೋರೆ ನೋಡಿ ನನ್ನ ಹಲ್ಲೇ ಚುಳ್ ಅಂತು." ಎಂದವಳು ನಕ್ಕಳು. ಜ್ವರದ ನಂತರ ನಕ್ಕದ್ದು ಅದೇ ಮೊದಲು. ನಗುತ್ತಲೇ ನನ್ನ ಕಡೆ ತಿರುಗಿದಳು. ನಾನು ಅಷ್ಟರಲ್ಲಿ ಸಾರನ್ನ ಮುಗಿಸಿ ಮಜ್ಜಿಗೆಗೆ ಕಾಯುತ್ತಿದ್ದೆ. ನಗು ನಿಂತಿತು. "ನೀವು ಅದನ್ನೇ ಉಂಡಿದ್ದಲ್ವಾ? ಬರೀ ನೀರು ಕುಡಿದವ್ರ ಹಂಗೆ ಕೂತಿದ್ದೀರಲ್ಲ."

ಕೈ ತೊಳೆಯುವಾಗ ಹೊಳೆಯಿತು. ಕಾಗದ ಹಳದಿಯಾದದ್ದು ಸಾರಿನ ಅರಿಸಿನದಿಂದ. ಎಷ್ಟು ಹುಳಿ ಬಿದ್ದರೂ ಅರಿಸಿನ ಹಳದಿಯಾಗಿಯೇ ಇರುತ್ತದೆ, ಸುಣ್ಣ ಸೋಕಿದರೆ ಮಾತ್ರ ಕೆಂಪಾಗುತ್ತದೆ. ಮದುವೆ, ಮುಂಜಿಗಳಲ್ಲಿ ಹೆಂಗಸರು ಎತ್ತುವ ಕೆಂಪಾರತಿಯ ರಹಸ್ಯ ಇದೇ ಎಂದು ತರಗತಿಯಲ್ಲಿ ತಟ್ಟೆಯಲ್ಲೇ ಮಾಡಿ ತೋರಿಸುತ್ತಿದ್ದವನು ನಾನು. ಉಳಿದ ಕಾಗದವನ್ನು ಕಪಾಟಿಗೆ ಸೇರಿಸಿದೆ.

ಮೋಹನ ಸಂಜೆಯ ಬಸ್ಸಿಗೆ ಹೊರಟುಹೋದ. ಮನೆಯಲ್ಲಿ ಉಳಿದದ್ದು ನನ್ನ ಮುಖ ಒಂದೇ. ಅಡುಗೆಯವರನ್ನು ಗೊತ್ತು ಮಾಡುವ ಮಾತನ್ನು ಪಾರ್ವತಿ ಸದ್ಯಕ್ಕೆ ಎತ್ತುತ್ತಿಲ್ಲ. ಊಟಕ್ಕೆ ನನ್ನನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ ಎದುರಿಗೆ ತಾನು ಕೂರುತ್ತಾಳೆ. ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯ ಮುಂದೆ ನಾನು ಅಭ್ಯಾಸ ಮಾಡುತ್ತೇನೆ: ಹುಳಿಗೆ ಒಂದು, ಖಾರಕ್ಕೆ ಒಂದು, ಹದಕ್ಕೆ ಒಂದು. ಮೂರೂ ಒಂದೇ ತರಹ ಕಾಣುತ್ತವೆ. ನಿನ್ನೆ ಮಜ್ಜಿಗೆಹುಳಿ ನಿಜಕ್ಕೂ ಹುಳಿಯಾಗಿತ್ತು. ಮೋಹನನಂತೆ ಒಂದು ಕಣ್ಣು ಮುಚ್ಚಿ, ಹೆಗಲು ಎತ್ತಿದೆ. ಅವಳು ಗಾಬರಿಯಿಂದ ಸೌಟು ಕೆಳಗಿಟ್ಟಳು. "ಹಲ್ಲುನೋವಾ?"

ನಾಲಿಗೆ ಮರಳಿಲ್ಲ. ಮರಳುತ್ತದೆಂಬ ಆಸೆಯನ್ನು ನಾನಂತೂ ಬಿಟ್ಟಿದ್ದೇನೆ. ಆದರೆ ಸಾರು ಕುದಿ ಬಂದಾಗ ಅವಳು ಈಗಲೂ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನಾಲಿಗೆಗೆ ಮುಟ್ಟಿಸುತ್ತಾಳೆ. ಸ್ವಲ್ಪ ಹೊತ್ತು ಕಾಯುತ್ತಾಳೆ. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಅಂಗೈಗೂ ಒಂದು ತೊಟ್ಟು ಬಿಟ್ಟು ಮುಖ ನೋಡುತ್ತಾಳೆ. ಅಷ್ಟರೊಳಗೆ ನಾನು ಒಂದು ಮುಖ ಸಿದ್ಧ ಮಾಡಿಕೊಂಡಿರಬೇಕು.