ಇಸ್ತ್ರಿ ಕೋಣೆಯ ಸ್ವಿಚ್

ಕೆಟ್ಟಿದ್ದು ನಾನು ಮಾರಿದ ಸ್ವಿಚ್, ನಾಗರತ್ನಕ್ಕ. ಕಳ್ಳಿ ಎಂದು ನಿಮ್ಮನ್ನು ಕೆಲಸದಿಂದ ಹೊರಗೆ ಹಾಕಿದ ದಿನವೂ ಅದು ನನಗೆ ಗೊತ್ತಿತ್ತು.

ರಾಯದುರ್ಗದಲ್ಲಿ ಓಣಿಗೊಂದು ಜೀನ್ಸ್ ಹೊಲಿಯುವ ಯೂನಿಟ್ ಏಳುತ್ತಿದ್ದ ಕಾಲ. ಬೆಂಗಳೂರಿನ ಆಫೀಸುಗಳು ಬಿಸಾಕಿದ ನೆಟ್‌ವರ್ಕ್ ಸ್ವಿಚ್‌ಗಳನ್ನು ತಂದು, ಪರೀಕ್ಷಿಸಿ ಮಾರುವುದು ನನ್ನ ಕಸುಬು. ಕ್ಯಾಮೆರಾಗಳ ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆ ಅದು. ಅದು ನಿಂತರೆ ಕ್ಯಾಮೆರಾಗಳೆಲ್ಲ ಕುರುಡು. ಹಳೆಯ ಮಾಲು ತಣ್ಣಗಿದ್ದಾಗ ಸಾಧುವಾಗಿಯೇ ಇರುತ್ತದೆ. ಅದಕ್ಕೇ ಎಲ್ಲ ಕಿಂಡಿಗಳಿಗೂ ವೈರು ಚುಚ್ಚಿ, ಡೇಟಾ ಓಡಲು ಬಿಟ್ಟು, ಪೆಟ್ಟಿಗೆಗೆ ಜೀನ್ಸ್ ಬಟ್ಟೆಯ ಚೂರುಗಳನ್ನು ದಪ್ಪಗೆ ಸುತ್ತಿಡುತ್ತಿದ್ದೆ. “ಬಾಣಂತಿನೂ ಇಷ್ಟು ಬೆಚ್ಚಗ ಇಡಂಗಿಲ್ಲಲೇ,” ಎಂದು ಪಕ್ಕದ ಅಂಗಡಿಯವನು ನಗುತ್ತಿದ್ದ. ಆ ಸೆಕೆ ತಡೆದುಕೊಂಡದ್ದನ್ನಷ್ಟೇ ಮಾರುತ್ತಿದ್ದೆ.

ಆ ಒಂದು ಪೆಟ್ಟಿಗೆ ತಡೆಯಲಿಲ್ಲ. ಕಾದೊಡನೆ ದೀಪಗಳೆಲ್ಲ ಆರಿದವು. ಚೂರು ಬಿಚ್ಚಿ ತಣ್ಣಗಾಗಲು ಬಿಟ್ಟರೆ ಮತ್ತೆ ಮಿಣುಕಿದವು. ಫ್ಯಾಕ್ಟರಿಯಲ್ಲಿ ಇದಕ್ಕೆ ಯಾರು ಕೌದಿ ಹೊದಿಸುತ್ತಾರೆ ಎಂದುಕೊಂಡೆ. ಮಾರಿದೆ. ನಿಮ್ಮ ಯೂನಿಟ್ಟಿನ ಸಾಹುಕಾರರು ಅದನ್ನು ಕೂರಿಸಲು ತೋರಿಸಿದ್ದು ನಿಮ್ಮ ಇಸ್ತ್ರಿ ಕೋಣೆ — ಸದಾ ಉಗಿ ತುಂಬಿದ ಕೋಣೆ. ಆಗಲಾದರೂ ಬಾಯಿ ಬಿಡಬೇಕಿತ್ತು... ಬಿಡಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಕ್ಯಾಮೆರಾಗಳು ನಿಂತವು. ಅದೇ ಹೊತ್ತಿನಲ್ಲಿ ಪ್ಯಾಂಟಿನ ಬಂಡಲುಗಳು ಮಾಯ. ಯಾರು ಕದ್ದರೋ, ಇವತ್ತಿಗೂ ಗೊತ್ತಿಲ್ಲ. ಪೆಟ್ಟಿಗೆಯ ಕೆಳಗೆ ನಿಂತು ಇಸ್ತ್ರಿ ಮಾಡುತ್ತಿದ್ದವರು ನೀವು. ಸಾಹುಕಾರರು ನನ್ನನ್ನು ಕರೆಸಿ ಎಲ್ಲರೆದುರು ಕೇಳಿದರು: “ಪೆಟ್ಟಿಗೀದೇನರ ದೋಷ ಐತೇನಪ್ಪ?”

ಅದರ ಮೇಲೆ ಕೈ ಇಟ್ಟೆ. ಕಾದ ಹಂಚು. ಒಪ್ಪಿಕೊಂಡರೆ ಊರಿನ ಯೂನಿಟ್‌ಗಳೆಲ್ಲ ನನ್ನ ಮಾಲನ್ನು ತಿರುಗಿ ಎಸೆಯುತ್ತವೆ —

“ಇಲ್ರಿ, ಪೆಟ್ಟಿಗಿ ಚಲೋ ಐತ್ರಿ. ಯಾರೋ ವೈರ್ ಎಳದಾರ್ರಿ.”

“ತಮ್ಮಾ, ಇನ್ನೊಮ್ಮೆ ನೋಡಪ್ಪ,” ಎಂದಿರಿ ನೀವು. “ನಾ ಅದನ್ನ ಮುಟ್ಟೇ ಇಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ. ಇನ್ನೊಮ್ಮೆ ನೋಡಿದಂತೆ ನಟಿಸಿ, ತಲೆಯಾಡಿಸಿದೆ.

ಆಮೇಲೆ ರಾಯದುರ್ಗದ ಯಾವ ಯೂನಿಟ್ಟೂ ನಿಮ್ಮನ್ನು ಒಳಗೆ ಬಿಡಲಿಲ್ಲ. ನಿಮ್ಮೂರು ಡಿ. ಹಿರೇಹಾಳಿನಿಂದ ದಿನಾ ಬಳ್ಳಾರಿಗೆ ಕೂಲಿಗೆ ಹೋಗುತ್ತೀರೆಂದು ಕೇಳಿದೆ. ಎಷ್ಟೋ ವರ್ಷ ಕಳೆದರೂ, ಬಿಸಿ ಇಸ್ತ್ರಿಯ ವಾಸನೆ ಬಂದರೆ ಸಾಕು — ‘ಇನ್ನೊಮ್ಮೆ ನೋಡಪ್ಪ.’ ನಮ್ಮ ಮನೆಯಲ್ಲಿ ನಾನಿರುವಾಗ ಯಾರೂ ಇಸ್ತ್ರಿ ಮಾಡುವುದಿಲ್ಲ.

ಹೋದ ವಾರ ಬಳ್ಳಾರಿ ಬಸ್ ನಿಲ್ದಾಣದಲ್ಲಿ ನೀವೇ ಗುರುತು ಹಿಡಿದಿರಿ. ಬೈಯುತ್ತೀರೆಂದು ತಲೆ ತಗ್ಗಿಸಿದೆ. ನೀವೋ ನನ್ನ ಮಕ್ಕಳನ್ನು ವಿಚಾರಿಸಿ, ಮೆಲ್ಲಗೆ ಹೇಳಿದಿರಿ: “ಪೋನೀ, ಹೋಗ್ಲಿ ಬಿಡಪ್ಪ, ಹಳೇದು. ಯೋಚನಿ ಮಾಡಿ ಮಾಡಿ ನನಗ ಈಗ ಅನಸ್ತೈತಿ, ನನ್ನ ಸೆರಗೇ ವೈರಿಗೆ ಸಿಕ್ಕಿ ಎಳದಿರಬೇಕು. ತಿಳದಾಂವ ನೀ, ಸುಳ್ಳು ಯಾಕ ಹೇಳ್ತಿ?”

ಅಯ್ಯೋ ಅಕ್ಕ — ಕೆಲಸ ಕಿತ್ತುಕೊಂಡದ್ದು ಸಾಲದೆಂದು, ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನೂ ಕಿತ್ತುಕೊಂಡೆನೇ! ನಿಮ್ಮ ಬಸ್ಸು ಬಂತು, ಚೀಲ ಎತ್ತಿಕೊಟ್ಟೆ, ಅಷ್ಟೇ.

ನಾಳೆ ಸಾಹುಕಾರರಲ್ಲಿಗೆ ಹೋಗಿ ಎಲ್ಲರೆದುರು ಹೇಳುತ್ತೇನೆ. ಅಲ್ಲಿಂದ ನಿಮ್ಮ ಮನೆಗೆ ಬರುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಬೀದಿಯಲ್ಲೇ ನಿಂತು ಕೂಗುತ್ತೇನೆ — ನಿಮ್ಮ ಸೆರಗು ಯಾವುದಕ್ಕೂ ಸಿಕ್ಕಿರಲಿಲ್ಲ, ಅಕ್ಕ. ಸುಳ್ಳು ಹೇಳಿದ್ದೆ.